ಬೆಕ್ಕಿಗೆ ನಲ್ಲಿ ನೀರು ಕೊಡಬಹುದಾ? ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮನೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಮೊದಲು ನೇರ ಉತ್ತರ. ಯಾವ ನಲ್ಲಿಯ ನೀರನ್ನು ನೀವು ಕುದಿಸದೆ, ಫಿಲ್ಟರ್ ಮಾಡದೆ ಹಾಗೇ ಲೋಟಕ್ಕೆ ಹಿಡಿದು ಕುಡಿಯುತ್ತೀರೋ, ಅದನ್ನು ನಿಮ್ಮ ಬೆಕ್ಕೂ ಕುಡಿಯಬಹುದು. ನೀವೇ ಕುಡಿಯೋದಿಲ್ಲ ಅಂದ್ರೆ ಬೆಕ್ಕಿಗೂ ಬೇಡ. ನೀವು ಕುಡಿಯುವ ನೀರಿನಲ್ಲೇ ಅದಕ್ಕೂ ಒಂದು ಬಟ್ಟಲು ತೆಗೆದಿಡಿ. ನಾಲ್ಕು ಕೆಜಿ ಬೆಕ್ಕು ದಿನಕ್ಕೆ ಕುಡಿಯುವುದು ಒಂದು ಲೋಟಕ್ಕಿಂತ ಕಡಿಮೆ. ಅಷ್ಟು ನೀರಿಗೆ ಲೆಕ್ಕ ನೋಡುವುದು ಬೇಕಿಲ್ಲ.

ಇಂಟರ್‌ನೆಟ್‌ನಲ್ಲಿ ಹುಡುಕಿದರೆ ‘ನಲ್ಲಿ ನೀರು ಸುರಕ್ಷಿತ, ಚಿಂತೆ ಬೇಡ’ ಎಂಬ ಉತ್ತರಗಳೇ ಜಾಸ್ತಿ ಸಿಗುತ್ತವೆ. ಅವನ್ನು ಬರೆದವರ ಊರಲ್ಲಿ ಶುದ್ಧೀಕರಣ ಘಟಕದಿಂದ ಹೊರಟ ನೀರು 24 ಗಂಟೆಯೂ ಒತ್ತಡದಲ್ಲಿ ಹರಿದು ಸೀದಾ ಅಡುಗೆಮನೆಗೆ ಬರುತ್ತದೆ. ನಮ್ಮಲ್ಲಿ ಹಾಗಲ್ಲ. ಎರಡು ದಿನಕ್ಕೊಮ್ಮೆ ಬಿಟ್ಟ ನೀರು ಸಂಪಿಗೆ ಬೀಳಬೇಕು, ಮೋಟಾರ್ ಹಾಕಿ ಟ್ಯಾಂಕಿಗೆ ಏರಿಸಬೇಕು, ಅಲ್ಲಿಂದ ಇಳಿದು ನಲ್ಲಿಗೆ ಬರಬೇಕು. ಅದೂ ಒಂದೇ ಕಡೆಯ ನೀರಾಗಿರುವುದಿಲ್ಲ. ಆದ್ದರಿಂದ ಬೆಕ್ಕಿನ ಬಟ್ಟಲಿಗೆ ಬರುವ ಮೊದಲು ನಾವು ಹಿಂದಕ್ಕೆ ಹೋಗಿ ನೋಡಬೇಕು.

ಹಂತ 1: ನಿಮ್ಮ ನಲ್ಲಿಯ ನೀರು ಎಲ್ಲಿಯದು?

ಬೆಂಗಳೂರಿನವರಾದರೆ ಮೂರು ಸಾಧ್ಯತೆಗಳಿವೆ. ಕಾವೇರಿ, ಬೋರ್‌ವೆಲ್, ಟ್ಯಾಂಕರ್. ಬಹಳಷ್ಟು ಅಪಾರ್ಟ್‌ಮೆಂಟ್‌ಗಳಲ್ಲಿ ಮೂರೂ ಒಂದೇ ಸಂಪಿನಲ್ಲಿ ಸೇರಿಕೊಂಡಿರುತ್ತವೆ. ವಾಚ್‌ಮನ್‌ನನ್ನೋ ಅಸೋಸಿಯೇಷನ್‌ನವರನ್ನೋ ಕೇಳಿ. ಬೇಸಿಗೆಯಲ್ಲಿ ಇನ್ನೊಮ್ಮೆ ಕೇಳಿ, ಯಾಕೆಂದರೆ ಆಗ ಲೆಕ್ಕ ಬದಲಾಗುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಅದುವರೆಗೆ ಟ್ಯಾಂಕರ್ ಮುಖವನ್ನೇ ನೋಡದ ಮನೆಗಳೂ ಟ್ಯಾಂಕರ್‌ಗೆ ಕಾದು ಕೂತಿದ್ದವು.

ಕಾವೇರಿ ನೀರು ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಟಿ.ಕೆ. ಹಳ್ಳಿಯಲ್ಲಿ ಶುದ್ಧವಾಗಿ, ಕ್ಲೋರಿನ್ ಹಾಕಿಸಿಕೊಂಡು, ಸುಮಾರು 100 ಕಿ.ಮೀ. ದೂರ ಪಂಪ್ ಆಗಿ ಬರುತ್ತದೆ. ಮೊದಲ ಹಂತ ಶುರುವಾಗಿದ್ದು 1974ರಲ್ಲಿ. ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 775 ದಶಲಕ್ಷ ಲೀಟರ್ ತರುವ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರ್‌ನಲ್ಲಿ. ನೀರು ಮೆದು, ಲವಣ ಕಡಿಮೆ. ಘಟಕದಿಂದ ಹೊರಡುವಾಗ ಅದರ ಬಗ್ಗೆ ತಕರಾರಿಲ್ಲ. ತೊಂದರೆ ಇರುವುದು ದಾರಿಯಲ್ಲಿ. ನೀರು ನಿಂತಾಗ ಪೈಪಿನ ಒತ್ತಡ ಇಳಿಯುತ್ತದೆ, ಬಿರುಕು ಇದ್ದ ಕಡೆ ಪಕ್ಕದ ಚರಂಡಿಯ ಕೊಳೆ ಒಳಗೆ ಎಳೆದುಕೊಳ್ಳುತ್ತದೆ. ನೀರು ಬಿಟ್ಟ ಮೊದಲ ಐದು ನಿಮಿಷ ಕೆಂಪಗೆ, ವಾಸನೆಯಾಗಿ ಬರುವುದನ್ನು ನೋಡಿರುತ್ತೀರಿ, ಅಲ್ವಾ? ಆ ನೀರನ್ನು ಸಂಪಿಗೆ ಬಿಡಬೇಡಿ, ಗಿಡಕ್ಕೆ ಹೋಗಲಿ.

ಬೋರ್‌ವೆಲ್ ನೀರು ನೋಡಲು ಕನ್ನಡಿಯಂತಿರುತ್ತದೆ, ಆದರೆ ಲವಣ ಜಾಸ್ತಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ ಕಡೆ ಫ್ಲೋರೈಡ್ ಕಾಟ ಹಳೆಯದು. ಟ್ಯಾಂಕರ್ ನೀರು ಸಾಮಾನ್ಯವಾಗಿ ಯಾರದೋ ಬೋರ್‌ವೆಲ್‌ನದೇ. ಯಾರದು ಎಂಬುದಷ್ಟೇ ಗೊತ್ತಿರುವುದಿಲ್ಲ, ಟ್ಯಾಂಕ್ ತೊಳೆದು ಎಷ್ಟು ದಿನವಾಯಿತೋ ಅದೂ ಗೊತ್ತಿರುವುದಿಲ್ಲ. ಅದನ್ನು ಹಸಿ ನೀರೆಂದೇ ಲೆಕ್ಕ ಹಿಡಿಯಿರಿ.

ಮಂಗಳೂರು, ಉಡುಪಿ ಕಡೆಯ ಬಾವಿ ನೀರು ಸಾಮಾನ್ಯವಾಗಿ ಮೆದು. ಅಲ್ಲಿನ ಚಿಂತೆ ಬೇರೆ. ಮಳೆಗಾಲದಲ್ಲಿ ಮೇಲಿನ ಕೊಳೆ ಬಾವಿಗಿಳಿಯುತ್ತದೆ, ಸಮುದ್ರಕ್ಕೆ ಹತ್ತಿರವಿದ್ದರೆ ಬೇಸಿಗೆಯ ಕೊನೆಗೆ ಉಪ್ಪು ಏರುತ್ತದೆ.

ಹಂತ 2: ಸಂಪು ಮತ್ತು ಟ್ಯಾಂಕು

ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಟಿ.ಕೆ. ಹಳ್ಳಿಯಲ್ಲಿ ಹಾಕಿದ ಕ್ಲೋರಿನ್ ನಿಮ್ಮ ಸಂಪಿನಲ್ಲಿ ನಾಲ್ಕು ದಿನ ಕೂತರೆ ಉಳಿಯುವುದಿಲ್ಲ. ಮುಚ್ಚಳ ಸರಿಯಿಲ್ಲದ ಟ್ಯಾಂಕಿನೊಳಗೆ ಹಲ್ಲಿ, ಜಿರಳೆ, ಪಾರಿವಾಳದ ಪುಕ್ಕ ಏನು ಬೇಕಾದರೂ ಇರಬಹುದು.

ಆರು ತಿಂಗಳಿಗೊಮ್ಮೆ ಎರಡನ್ನೂ ಖಾಲಿ ಮಾಡಿಸಿ ಉಜ್ಜಿಸಿ ತೊಳೆಸಿ. ಕೆಲಸದವರು ಯಾವ ಕ್ಲೀನರ್ ಬಳಸುತ್ತಾರೆ ಎಂದು ನಿಂತು ನೋಡಿ. ಫಿನಾಯಿಲ್ ಹಾಕಲು ಬಿಡಲೇಬೇಡಿ, ಕಾರಣ ಹಂತ 7ರಲ್ಲಿ ಹೇಳುತ್ತೇನೆ. ಬ್ಲೀಚಿಂಗ್ ಪೌಡರ್ ಸಾಕು. ತುಂಬಿದ ನೀರಿಗೆ ಹಾಕುವುದಾದರೆ 1000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ರೂಢಿಯ ಲೆಕ್ಕ. ಪುಡಿಯನ್ನು ಸೀದಾ ಸುರಿಯಬೇಡಿ. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕಿಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಹಾಕಿ. ಒಂದು ಗಂಟೆ ಬಿಟ್ಟು ಬಳಸಿ. ಅಷ್ಟು ಹೊತ್ತು ಆ ಬಕೆಟ್ ಬೆಕ್ಕಿಗೆ ಸಿಗದಂತೆ ಇರಲಿ.

ಹಂತ 3: ಪರೀಕ್ಷೆ, ಆದರೆ ಟಿಡಿಎಸ್ ಮೀಟರ್ ನಂಬಿ ಕೂರಬೇಡಿ

ಕೆಲವು ನೂರು ರೂಪಾಯಿಗೆ ಸಿಗುವ ಪೆನ್ನಿನಂಥ ಟಿಡಿಎಸ್ ಮೀಟರ್ ಈಗ ಮನೆಮನೆಯಲ್ಲಿದೆ. ನೀರಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಎಂದಷ್ಟೇ ಅದು ಹೇಳುತ್ತದೆ. ಚರಂಡಿ ನೀರು ಬೆರೆತ ಕಾವೇರಿ ನೀರಿನಲ್ಲೂ ಅದು 250 ತೋರಿಸಿ ಸುಮ್ಮನಾಗಬಹುದು. ರೋಗಾಣು ಅದಕ್ಕೆ ಕಾಣುವುದಿಲ್ಲ, ಫ್ಲೋರೈಡ್ ಬೇರೆ ಮಾಡಿ ತೋರಿಸಲೂ ಬರುವುದಿಲ್ಲ.

ರೋಗಾಣುವಿಗೆ ಎಚ್‌2ಎಸ್ ಬಾಟಲಿ ಪರೀಕ್ಷೆ ಸುಲಭ. ಸಣ್ಣ ಬಾಟಲಿಗೆ ಗುರುತಿನವರೆಗೆ ನೀರು ತುಂಬಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ, ಮಲದ ಕೊಳೆ ಬೆರೆತಿರುವ ನೀರು ಕಪ್ಪಾಗುತ್ತದೆ. ಹಳ್ಳಿಗಳಲ್ಲಿ ಜಲಜೀವನ ಮಿಷನ್ ಕಿಟ್ ಪಂಚಾಯಿತಿಯಲ್ಲಿ ಇರುತ್ತದೆ, ಕೇಳಿದರೆ ಪರೀಕ್ಷೆ ಮಾಡಿಕೊಡುತ್ತಾರೆ. ಬೋರ್‌ವೆಲ್ ಮನೆಯವರು ಒಮ್ಮೆಯಾದರೂ ಲ್ಯಾಬಿಗೆ ಕೊಡಿ.

ವರದಿ ಬಂದಾಗ ನೋಡಬೇಕಾದ ಅಂಕಿಗಳು ಭಾರತೀಯ ಮಾನಕ ಐಎಸ್ 10500:2012ರಲ್ಲಿವೆ. ಮಿತಿ ಎರಡು ಥರ: ಇರಬೇಕಾದ್ದು, ಮತ್ತು ಬೇರೆ ನೀರೇ ಇಲ್ಲದಿದ್ದರೆ ಸಹಿಸಿಕೊಳ್ಳಬಹುದಾದ್ದು. ಟಿಡಿಎಸ್‌ಗೆ ಲೀಟರಿಗೆ 500 ಮತ್ತು 2000 ಮಿ.ಗ್ರಾಂ. ಗಡಸಿಗೆ, ಅಂದರೆ ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂಗೆ, 200 ಮತ್ತು 600. ಫ್ಲೋರೈಡ್‌ಗೆ 1 ಮತ್ತು 1.5. ನೈಟ್ರೇಟ್‌ಗೆ ಒಂದೇ ಮಿತಿ, 45. ಮಲದ ಕೊಳೆ ಸೇರಿದೆ ಎಂದು ತೋರಿಸುವ ಬ್ಯಾಕ್ಟೀರಿಯಾ ಇ. ಕೋಲಿ 100 ಮಿ.ಲೀ.ನಲ್ಲಿ ಒಂದೂ ಇರಬಾರದು. ಇವು ಮನುಷ್ಯರಿಗೆ ಹಾಕಿದ ಗೆರೆಗಳು, ಆದರೂ ಬೆಕ್ಕಿನ ಬಟ್ಟಲಿಗೂ ಇವನ್ನೇ ಹಿಡಿದರೆ ತಪ್ಪಿಲ್ಲ.

ಹಂತ 4: ಯಾವ ನೀರಿಗೆ ಯಾವ ಮದ್ದು

ಕಾವೇರಿ ನೀರಿಗೆ ಕುದಿಸುವುದೇ ಸಾಕು. ಗುಳ್ಳೆ ಎದ್ದು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಡಿ. ಬ್ಯಾಕ್ಟೀರಿಯಾ, ವೈರಸ್ಸು, ಕ್ಲೋರಿನ್‌ಗೂ ಬಗ್ಗದ ಕ್ರಿಪ್ಟೋಸ್ಪೋರಿಡಿಯಂ, ಬೆಕ್ಕಿಗೆ ಬಿಡದೆ ಭೇದಿ ತರುವ ಜಿಯಾರ್ಡಿಯಾ ಎಲ್ಲ ಸಾಯುತ್ತವೆ. ಯುವಿ ಫಿಲ್ಟರ್ ಇದ್ದರೆ ಅದರ ನೀರೂ ಆಗುತ್ತದೆ, ಬಲ್ಬು ಕಾಲಕಾಲಕ್ಕೆ ಬದಲಾಗುತ್ತಿರಬೇಕು ಅಷ್ಟೆ.

ಫ್ಲೋರೈಡ್, ನೈಟ್ರೇಟ್ ಇರುವ ಬೋರ್‌ವೆಲ್ ನೀರನ್ನು ಕುದಿಸಿ ಪ್ರಯೋಜನವಿಲ್ಲ. ನೀರು ಆವಿಯಾಗಿ ಅವು ಇನ್ನಷ್ಟು ದಟ್ಟವಾಗುತ್ತವೆ. ಅಲ್ಲಿ ಆರ್‌ಒ ಬೇಕು. ಆರ್‌ಒ ನೀರಿನಲ್ಲಿ ಖನಿಜ ಇರೋಲ್ಲ, ಬೆಕ್ಕಿಗೆ ಒಳ್ಳೆಯದಲ್ಲ ಎಂದು ಹೇಳುವವರಿದ್ದಾರೆ. ಬೆಕ್ಕಿಗೆ ಖನಿಜ ಸಿಗುವುದು ಊಟದಿಂದ. ಆರ್‌ಒ ನೀರು ಕುಡಿದರೆ ಏನೂ ಆಗುವುದಿಲ್ಲ. ಆದರೆ ಆರ್‌ಒ ಯಂತ್ರ ಹೊರಗೆ ಬಿಡುವ ನೀರಿನ ಮೇಲೆ ಕಣ್ಣಿರಲಿ. ನೆಲ ಒರೆಸಲೆಂದು ಅದನ್ನು ಸಿಂಕಿನ ಕೆಳಗೆ ಬಕೆಟ್ಟಿನಲ್ಲಿ ಹಿಡಿದಿಡುತ್ತೇವೆ. ಬೋರ್‌ವೆಲ್‌ನ ಲವಣ, ಫ್ಲೋರೈಡ್ ಎಲ್ಲ ಅದರಲ್ಲಿ ಇನ್ನೂ ಗಟ್ಟಿಯಾಗಿ ಕೂತಿರುತ್ತದೆ, ಮತ್ತು ಬೆಕ್ಕಿಗೆ ಬಟ್ಟಲಿಗಿಂತ ಬಕೆಟ್ಟೇ ಇಷ್ಟ. ಮುಚ್ಚಿಡಿ.

ಕ್ಲೋರಿನ್ ವಾಸನೆಗೆ ಬೆಕ್ಕು ಮೂಗು ಮುರಿದರೆ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ತೆಳು ಬಟ್ಟೆ ಮುಚ್ಚಿ ರಾತ್ರಿಯಿಡೀ ಬಿಡಿ. ವಾಸನೆ ಹೋಗುತ್ತದೆ. ಜೊತೆಗೆ ಕ್ಲೋರಿನ್‌ನ ಕಾವಲೂ ಹೋಗುತ್ತದೆ, ಹಾಗಾಗಿ ಆ ದಿನವೇ ಖಾಲಿ ಮಾಡಿ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಅಲ್ಲಿ ಎಷ್ಟೋ ಊರುಗಳಲ್ಲಿ ಕ್ಲೋರಿನ್ ಬದಲು ಕ್ಲೋರಮಿನ್ ಹಾಕುತ್ತಾರೆ, ಅದು ಹೀಗೆ ಇಟ್ಟರೆ ಹೋಗುವುದಿಲ್ಲ. ಇದ್ದರೂ ಆ ನೀರು ಬೆಕ್ಕಿಗೆ ಸುರಕ್ಷಿತವೇ. ವಾಸನೆ ಹೋಗಬೇಕೆಂದರೆ ಕಾರ್ಬನ್ ಫಿಲ್ಟರ್ ಹಾಕಿ. ಮನೆ ತೀರಾ ಹಳೆಯದಾಗಿದ್ದರೆ ಸೀಸದ ಪೈಪು ಇದೆಯೇ ಎಂದು ಮಾತ್ರ ವಿಚಾರಿಸಿ.

ಎಲ್ಲೇ ಇರಲಿ, ಗೀಸರ್ ನೀರು ಬೇಡ, ತಣ್ಣೀರಿನ ನಲ್ಲಿಯಿಂದಲೇ ಹಿಡಿಯಿರಿ. ಹಾಲು ನೀರಿಗೆ ಬದಲಿಯಲ್ಲ. ಬೆಳೆದ ಬೆಕ್ಕುಗಳಲ್ಲಿ ಬಹುಪಾಲಿಗೆ ಹಾಲಿನ ಲ್ಯಾಕ್ಟೋಸ್ ಜೀರ್ಣವಾಗುವುದಿಲ್ಲ, ಭೇದಿಯಾಗಿ ಇದ್ದ ನೀರೂ ಹೋಗುತ್ತದೆ.

ಹಂತ 5: ಗಡಸು ನೀರು ಮತ್ತು ಮೂತ್ರದ ಕಲ್ಲು

ಬೆಕ್ಕು ಸಾಕಿದವರ ಅತಿ ದೊಡ್ಡ ಹೆದರಿಕೆ ಇದು. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಗರಣೆ ಕಟ್ಟಿರುತ್ತದೆ. ಅದನ್ನು ನೋಡಿದವರಿಗೆ ಬೆಕ್ಕಿನ ಹೊಟ್ಟೆಯಲ್ಲೂ ಹೀಗೇ ಕಟ್ಟುತ್ತದೆ ಎನಿಸುವುದು ಸಹಜ. ಲೆಕ್ಕ ಹಾಕಿ ನೋಡೋಣ.

ಗಡಸು ಲೀಟರಿಗೆ 400 ಮಿ.ಗ್ರಾಂ ಇರುವ ನೀರನ್ನು ನಿಮ್ಮ ಬೆಕ್ಕು ದಿನಕ್ಕೆ 150 ಮಿ.ಲೀ. ಕುಡಿಯಿತು ಎನ್ನಿ. ಅದರಲ್ಲಿ ಬರುವುದು 60 ಮಿ.ಗ್ರಾಂ. ಈ ಅಂಕಿ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದ್ದು. ಅಷ್ಟೂ ಗಡಸು ಕ್ಯಾಲ್ಸಿಯಂನಿಂದಲೇ ಬಂದಿದೆ ಎಂದು ಇಟ್ಟುಕೊಂಡರೂ ನಿಜವಾದ ಕ್ಯಾಲ್ಸಿಯಂ 24 ಮಿ.ಗ್ರಾಂ. ಅದೇ ಬೆಕ್ಕು ದಿನಕ್ಕೆ 60 ಗ್ರಾಂ ಡ್ರೈ ಫುಡ್ ತಿಂದರೆ, ಅದರಲ್ಲಿ ಕ್ಯಾಲ್ಸಿಯಂ ಶೇ. 1ರಷ್ಟಿದ್ದರೂ 600 ಮಿ.ಗ್ರಾಂ ಆಯಿತು. ನೀರಿನದು ಅದರ ಇಪ್ಪತ್ತೈದನೇ ಒಂದು ಪಾಲು. ಗಡಸು ನೀರು ಕುಡಿದೇ ಬೆಕ್ಕಿಗೆ ಕಲ್ಲಾಗುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲದಿರುವುದರಲ್ಲಿ ಆಶ್ಚರ್ಯವಿಲ್ಲ.

ಕಲ್ಲಾಗುವುದಕ್ಕೆ ನೀರು ಕಾರಣವೇ ಅಲ್ಲವೆಂದಲ್ಲ. ಕಾರಣವೇ, ಆದರೆ ಅದರ ಗಡಸಲ್ಲ, ಅದರ ಕೊರತೆ. ಬೆಕ್ಕಿನ ಪೂರ್ವಿಕರು ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣ ನೆಲದ ಕಾಡುಬೆಕ್ಕುಗಳು. ಇಲಿ, ಹಕ್ಕಿಗಳ ಮೈಯಲ್ಲಿದ್ದ ನೀರೇ ಅವಕ್ಕೆ ಹೆಚ್ಚುಕಡಿಮೆ ಸಾಕಾಗುತ್ತಿತ್ತು. ಅದಕ್ಕೇ ಬೆಕ್ಕಿಗೆ ಬಾಯಾರಿಕೆ ಕಮ್ಮಿ, ಮೂತ್ರ ತುಂಬ ಗಟ್ಟಿ. ಇಂಥ ಪ್ರಾಣಿಗೆ ಬರೀ ಒಣ ಕಾಳು ಹಾಕಿದರೆ ಮೂತ್ರ ಇನ್ನೂ ಗಟ್ಟಿಯಾಗಿ ಸ್ಟ್ರುವೈಟ್ ಅಥವಾ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಕಟ್ಟಲು ಅನುಕೂಲವಾಗುತ್ತದೆ. ನೀರಿನ ಗುಣದ ಬಗ್ಗೆ ತಲೆಕೆಡಿಸಿಕೊಳ್ಳುವ ಅರ್ಧದಷ್ಟನ್ನು ನೀರಿನ ಪ್ರಮಾಣದ ಬಗ್ಗೆ ಕೆಡಿಸಿಕೊಂಡರೆ ನಮ್ಮ ಊರಿನ ಎಷ್ಟೋ ಗಂಡು ಬೆಕ್ಕುಗಳು ಕ್ಯಾಥೆಟರ್ (ಕಟ್ಟಿಕೊಂಡ ಮೂತ್ರ ಬಿಡಿಸಲು ಹಾಕುವ ನಳಿಕೆ) ಕಾಣದೆ ಬದುಕುತ್ತವೆ ಎನ್ನುವುದು ನನ್ನ ಅಭಿಪ್ರಾಯ.

ಆದರೂ ಬೆಕ್ಕಿಗೆ ಒಮ್ಮೆ ಕಲ್ಲಾಗಿದ್ದರೆ ಮೆದು ನೀರು ಕೊಡಿ, ನಷ್ಟವೇನಿಲ್ಲ. ಊಟದ ಪಥ್ಯ ಡಾಕ್ಟರ್ ಹೇಳಿದಂತೆಯೇ ನಡೆಯಲಿ. ‘ಆಲ್ಕಲೈನ್’ ಎಂದು ಮಾರುವ ನೀರಿಗೆ ದುಡ್ಡು ದಂಡ ಮಾಡಬೇಡಿ.

ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ನೀರಿನ ಬಗ್ಗೆಯೂ ಕೇಳುತ್ತಾರೆ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ. 100 ಮಿ.ಗ್ರಾಂ ಗಡಸು ತೆಗೆದರೆ 46 ಮಿ.ಗ್ರಾಂ ಸೋಡಿಯಂ ಸೇರುತ್ತದೆ. ಆರೋಗ್ಯವಾಗಿರುವ ಬೆಕ್ಕಿಗೆ ತೊಂದರೆಯಿಲ್ಲ. ಹೃದಯದ್ದೋ ಕಿಡ್ನಿಯದ್ದೋ ಕಾಯಿಲೆ ಇರುವ ಬೆಕ್ಕಿಗೆ ಬೇಡ.

ಹಂತ 6: ಬಟ್ಟಲು, ಜಾಗ, ಪ್ರಮಾಣ

ಬೆಳಿಗ್ಗೆ ಬೆಕ್ಕಿನ ಬಟ್ಟಲಿನ ಒಳಗೋಡೆಯನ್ನು ಬೆರಳಿನಿಂದ ಸವರಿ ನೋಡಿ. ಲೋಳೆಲೋಳೆಯಾಗಿ ಜಾರುತ್ತದೆಯೇ? ಅದು ಬ್ಯಾಕ್ಟೀರಿಯಾ ಕಟ್ಟಿಕೊಂಡ ಪದರ. ಮೇಲಿಂದ ಹೊಸ ನೀರು ಸುರಿದರೆ ಅದು ಹೋಗದು. ನೀವು ಲಕ್ಷ ರೂಪಾಯಿಯ ಫಿಲ್ಟರ್ ಹಾಕಿಸಿದ್ದರೂ ಬೆಕ್ಕು ಕುಡಿಯುವುದು ಇದನ್ನೇ. ದಿನಾ ಪಾತ್ರೆ ಸೋಪಿನಿಂದ ಉಜ್ಜಿ, ಸೋಪು ಉಳಿಯದಂತೆ ತೊಳೆದು, ಹೊಸ ನೀರು ತುಂಬಿ. ಸ್ಟೀಲ್ ಅಥವಾ ಪಿಂಗಾಣಿ ಒಳ್ಳೆಯದು. ಪ್ಲಾಸ್ಟಿಕ್ಕಿನಲ್ಲಿ ಗೀರು ಬಿದ್ದು ಕೊಳೆ ನಿಲ್ಲುತ್ತದೆ, ಕೆಲವು ಬೆಕ್ಕುಗಳ ಗದ್ದದಲ್ಲಿ ಕಪ್ಪು ಮೊಡವೆಯೂ ಏಳುತ್ತದೆ. ತಾಮ್ರದ ಚೊಂಬಿನ ನೀರು ನಿಮಗಿರಲಿ, ಬೆಕ್ಕಿಗೆ ಬೇಕಿಲ್ಲ.

ಬಟ್ಟಲು ಅಗಲವಾಗಿರಲಿ, ಅಂಚಿನವರೆಗೆ ತುಂಬಿರಲಿ. ಬೆಕ್ಕು ನೀರಿಗೆ ನಾಲಿಗೆ ಅದ್ದಿ ಮೊಗೆಯುವುದಿಲ್ಲ. ನಾಲಿಗೆಯ ತುದಿಯನ್ನು ನೀರಿನ ಮೇಲ್ಮೈಗೆ ತಾಕಿಸಿ ಸರ್ರನೆ ಮೇಲಕ್ಕೆಳೆಯುತ್ತದೆ, ಜೊತೆಗೆ ಎದ್ದ ನೀರನ್ನು ಬಾಯಿ ಮುಚ್ಚಿ ಹಿಡಿಯುತ್ತದೆ. ಸೆಕೆಂಡಿಗೆ ಸುಮಾರು ನಾಲ್ಕು ಸಲ. ಲಿಟರ್ ಬಾಕ್ಸಿನ ಪಕ್ಕ ನೀರಿಡಬೇಡಿ, ಊಟದ ತಟ್ಟೆಗೆ ಅಂಟಿಸಿಯೂ ಬೇಡ. ಮನೆಯ ಎರಡು ಮೂರು ಕಡೆ ಇಡಿ. ನಮ್ಮ ಮನೆಯ ಬೆಕ್ಕು ಬಟ್ಟಲಿನ ನೀರಿಗೆ ಮುಂಗಾಲು ಅದ್ದಿ, ಅಲುಗುವುದನ್ನು ನೋಡಿ, ಆಮೇಲೆ ಕಾಲನ್ನೇ ನೆಕ್ಕುತ್ತದೆ. ಹರಿಯುವ ನೀರೇ ಬೇಕೆನ್ನುವ ಇಂಥ ಬೆಕ್ಕಿಗೆ ಫೌಂಟನ್ ಹಿಡಿಸಬಹುದು, ಹಿಡಿಸದೆಯೂ ಇರಬಹುದು. ಕೊಂಡರೆ ಅದರ ಪಂಪ್ ಬಿಚ್ಚಿ ತೊಳೆಯುವ ತಾಳ್ಮೆ ನಿಮಗೆ ಇರಬೇಕು.

ಪ್ರಮಾಣ: ತೂಕದ ಪ್ರತಿ ಕೆಜಿಗೆ ದಿನಕ್ಕೆ ಸುಮಾರು 50 ಮಿ.ಲೀ., ಊಟದಲ್ಲಿರುವ ನೀರೂ ಸೇರಿ. ನಾಲ್ಕು ಕೆಜಿ ಬೆಕ್ಕಿಗೆ 200 ಮಿ.ಲೀ. ಡ್ರೈ ಫುಡ್‌ನಲ್ಲಿ ನೀರು ಶೇ. 10ರಷ್ಟು, 60 ಗ್ರಾಂ ತಿಂದರೆ ಬರೀ 6 ಮಿ.ಲೀ. ಅದೇ 85 ಗ್ರಾಂನ ಒಂದು ವೆಟ್ ಫುಡ್ ಪೊಟ್ಟಣದಲ್ಲಿ 65 ಮಿ.ಲೀ. ಆಸುಪಾಸು ನೀರಿರುತ್ತದೆ. ಬಟ್ಟಲಿಂದ ಕುಡಿಯದ ಬೆಕ್ಕಿಗೆ ಊಟದಲ್ಲೇ ನೀರು ಸೇರಿಸುವುದು ಎಲ್ಲಕ್ಕಿಂತ ಸುಲಭದ ಉಪಾಯ. ಚಿಕನ್ನೋ ಬಂಗುಡೆಯೋ ಬೇಯಿಸಿದ ನೀರನ್ನು ಆರಿಸಿ ಎರಡು ಚಮಚ ಹಾಕಿ. ಉಪ್ಪು, ಮಸಾಲೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರಂತೂ ಕೂಡದು. ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಹಂತ 7: ಮನೆಯಲ್ಲಿರುವ ಬೇರೆ ನೀರುಗಳು

ಬಟ್ಟಲಿಗೆ ಇಷ್ಟೆಲ್ಲ ಮಾಡಿದ ಮೇಲೆ ಬೆಕ್ಕು ಬಚ್ಚಲಿಗೆ ಹೋಗಿ ನೆಲದ ನೀರು ನೆಕ್ಕುತ್ತದೆ. ಅಲ್ಲಿ ಫಿನಾಯಿಲ್ ಇದ್ದರೆ ಅಪಾಯ. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಬಹಳ ಕಡಿಮೆ. ನಮಗೂ ನಾಯಿಗೂ ಆಗದ ತೊಂದರೆ ಅದಕ್ಕೆ ಆಗುತ್ತದೆ. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೂ ಸಾಕು. ಬೆಕ್ಕಿರುವ ಮನೆಯಲ್ಲಿ ಫಿನಾಯಿಲ್ ಬಿಟ್ಟುಬಿಡಿ. ಕಮೋಡ್ ಮುಚ್ಚಳ ಹಾಕಿ.

ಹೂದಾನಿಯಲ್ಲಿ ಲಿಲ್ಲಿ ಹೂವಿದ್ದರೆ ಆ ನೀರು ಕುಡಿದೇ ಬೆಕ್ಕಿನ ಕಿಡ್ನಿ ಕೈಕೊಡಬಹುದು. ಲಿಲ್ಲಿ ಹೂಗುಚ್ಛ ಮನೆಯೊಳಗೇ ಬೇಡ. ಹಬ್ಬದ ದಿನ ಅರಿಶಿನ ಸುಣ್ಣ ಕಲಸಿದ ಆರತಿ ನೀರು, ಗಣೇಶನನ್ನು ಮುಳುಗಿಸಿಟ್ಟ ಬಣ್ಣದ ಬಕೆಟ್, ಮನಿಪ್ಲಾಂಟ್ ಬಾಟಲಿ ಇವೂ ಬೆಕ್ಕಿಗೆ ಸಿಗದಂತಿರಲಿ.

ಹಂತ 8: ಡಾಕ್ಟರ್ ಹತ್ತಿರ ಯಾವಾಗ?

ಗಂಡು ಬೆಕ್ಕು ಮತ್ತೆ ಮತ್ತೆ ಲಿಟರ್ ಬಾಕ್ಸಿಗೆ ಹೋಗಿ ಕೂತು ತಿಣುಕಿ, ಹನಿಯೂ ಬಾರದೆ ಎದ್ದು ಬರುತ್ತಿದೆಯೇ? ಕೂಗುತ್ತಿದೆಯೇ? ಮಲಬದ್ಧತೆ ಎಂದುಕೊಂಡು ಕಾಯಬೇಡಿ. ಮೂತ್ರನಾಳ ಕಟ್ಟಿಕೊಂಡಿರಬಹುದು. ಒಂದೆರಡು ದಿನದಲ್ಲಿ ಪ್ರಾಣ ಹೋಗುವ ತುರ್ತು ಇದು. ರಾತ್ರಿಯಾದರೂ ಹೊರಡಿ. ಹೆಚ್ಚು ನೀರು ಕುಡಿಸಿ ಸರಿಮಾಡುತ್ತೇನೆ ಅನ್ನುವ ಪ್ರಯೋಗ ಇಲ್ಲಿ ನಡೆಯದು.

ವಾಂತಿ ಭೇದಿಯಾಗಿ, ಒಸಡು ಒಣಗಿ ಅಂಟಂಟಾಗಿದ್ದರೆ, ಹೆಗಲ ಮೇಲಿನ ಚರ್ಮ ಎತ್ತಿ ಬಿಟ್ಟಾಗ ತಟ್ಟನೆ ಕೂರದಿದ್ದರೆ ಮೈಯಲ್ಲಿ ನೀರು ಇಳಿದಿದೆ. ಅದೂ ಆ ದಿನವೇ ತೋರಿಸಬೇಕಾದ್ದು.

ಇನ್ನೊಂದನ್ನು ಜನ ಒಳ್ಳೆಯ ಲಕ್ಷಣ ಎಂದುಕೊಳ್ಳುತ್ತಾರೆ: ವಯಸ್ಸಾದ ಬೆಕ್ಕು ಇದ್ದಕ್ಕಿದ್ದಂತೆ ಜಾಸ್ತಿ ನೀರು ಕುಡಿಯುವುದು. ಕಿಡ್ನಿ ಕಾಯಿಲೆ, ಸಕ್ಕರೆ ಕಾಯಿಲೆ, ಥೈರಾಯ್ಡ್ ಮೂರರಲ್ಲೂ ಹೀಗಾಗುತ್ತದೆ. ಅಳೆದು ನೋಡಿ. ಒಂದೇ ಥರದ ಎರಡು ಬಟ್ಟಲಿಗೆ 300 ಮಿ.ಲೀ. ಹಾಕಿ, ಒಂದನ್ನು ಬೆಕ್ಕಿಗೆ ಸಿಗದ ಕಡೆ ಇಡಿ. 24 ಗಂಟೆ ಬಿಟ್ಟು ಎರಡನ್ನೂ ಅಳೆಯಿರಿ. ಎತ್ತಿಟ್ಟದ್ದರಲ್ಲಿ ಕಡಿಮೆಯಾದದ್ದು ಆವಿ, ಅದನ್ನು ಕಳೆದರೆ ಬೆಕ್ಕು ಕುಡಿದದ್ದು ಸಿಗುತ್ತದೆ. ಬಟ್ಟಲಿಂದಲೇ ಕೆಜಿಗೆ 50 ಮಿ.ಲೀ. ದಾಟುತ್ತಿದ್ದರೆ ಡಾಕ್ಟರಿಗೆ ಹೇಳಿ, 100ರ ಹತ್ತಿರ ಹೋದರೆ ತಡ ಮಾಡಲೇಬೇಡಿ. ಹೋಗುವಾಗ ಎರಡು ಮೂರು ದಿನದ ಈ ಅಳತೆ, ತಿನ್ನುವ ಆಹಾರದ ಪೊಟ್ಟಣದ ಫೋಟೋ, ನೀರು ಕಾವೇರಿಯೋ ಬೋರ್‌ವೆಲ್ಲೋ ಎಂಬ ಮಾಹಿತಿ ಜೊತೆಗಿದ್ದರೆ ಅವರ ಕೆಲಸ ಸುಲಭ. ರಕ್ತ, ಮೂತ್ರ ಪರೀಕ್ಷೆ ಆಗುವವರೆಗೆ ಬಟ್ಟಲು ಎತ್ತಿಡಬೇಡಿ. ಕಿಡ್ನಿ ಸೋತ ಬೆಕ್ಕಿಗೆ ಆ ನೀರು ಬೇಕೇ ಬೇಕು.